ತಲುಪಿದೆಯಾ ಎಂದು ಕೇಳುವವರು ಬೇಕು

ಒಂಟಿ ಪ್ರಯಾಣದ ಸುರಕ್ಷತೆ: ಪರವಾಡದಿಂದ ಮುಂಬಯಿಯವರೆಗೆ ಹೊರನಾಡ ಕನ್ನಡಿಗರು ಯೋಚಿಸಬೇಕಾದ ವಿಷಯ

ಪರವಾಡ ಎಂಬ ಊರಿನ ಹೆಸರನ್ನು ನಮ್ಮ ಓದುಗರಲ್ಲಿ ಹೆಚ್ಚಿನವರು ಕೇಳಿರಲಾರರು. ಆಂಧ್ರಪ್ರದೇಶದ ವಿಶಾಖಪಟ್ಟಣ ಜಿಲ್ಲೆಯಲ್ಲಿದ್ದ ಈ ಊರು 2022ರ ಏಪ್ರಿಲಿನಲ್ಲಿ ಜಿಲ್ಲೆಗಳ ಪುನರ್ವಿಂಗಡಣೆಯಾದ ಮೇಲೆ ಅನಕಾಪಲ್ಲಿ ಜಿಲ್ಲೆಗೆ ಸೇರಿದೆ. ಎನ್‌ಟಿಪಿಸಿಯ 2000 ಮೆಗಾವಾಟ್ ಸಾಮರ್ಥ್ಯದ ಸಿಂಹಾದ್ರಿ ವಿದ್ಯುತ್ ಸ್ಥಾವರ ಇಲ್ಲಿದೆ. ಜವಾಹರಲಾಲ್ ನೆಹರೂ ಫಾರ್ಮಾ ಸಿಟಿಯ ಔಷಧ ಕಾರ್ಖಾನೆಗಳೂ ಇಲ್ಲೇ ಇವೆ. ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆ ದೂರವೇನಲ್ಲ. ಹೊಟ್ಟೆಪಾಡಿಗೆಂದು ಊರು ಬಿಟ್ಟ ನಮ್ಮವರು ಮುಂಬಯಿ, ಪುಣೆ, ಸೂರತ್ತಿಗೆ ಬಂದಂತೆ ಆಂಧ್ರದ ಕರಾವಳಿಗೂ ಹೋದವರಿದ್ದಾರೆ. ಹಿಂದಿನವರು ಹೋಟೆಲು ನಡೆಸಲು ಹೋದರೆ, ಈಗಿನ ಮಕ್ಕಳು ಬಿ.ಫಾರ್ಮ, ಎಂ.ಎಸ್ಸಿ. ಮುಗಿಸಿ ಕಂಪೆನಿ ಕೆಲಸಕ್ಕೆ ಹೋಗುತ್ತಾರೆ. ಹಾಗೆ ಪರವಾಡಕ್ಕೆ ಹೋದವರಲ್ಲಿ ಈ ಲೇಖಕನ ಸೋದರ ಸೊಸೆಯೂ ಒಬ್ಬಳು.

ಅವಳ ಮೊದಲ ಪ್ರಯಾಣದ ಒಂದು ಅನುಭವವೇ ಈ ಲೇಖನಕ್ಕೆ ಕಾರಣ.

ದುವ್ವಾಡದ ಆ ನಸುಕು

ಬೆಂಗಳೂರಿನಿಂದ ರೈಲು ಹತ್ತಿದ ಅವಳು ಇಳಿಯಬೇಕಾಗಿದ್ದುದು ದುವ್ವಾಡದಲ್ಲಿ. ವಿಶಾಖಪಟ್ಟಣ ದೊಡ್ಡ ನಿಲ್ದಾಣವಾದರೂ ವಿಜಯವಾಡದ ಕಡೆಯಿಂದ ಬಂದು ಹೌರಾ ಕಡೆಗೆ ಹೋಗುವ ರೈಲುಗಳು ಅಲ್ಲಿ ಇಂಜಿನ್ ಬದಲಿಸಿ ಬಂದ ದಿಕ್ಕಿಗೇ ತಿರುಗಿ ಹೊರಡಬೇಕಾಗುತ್ತದೆ. ಆದ್ದರಿಂದ ದೂರ ಪ್ರಯಾಣದ ಕೆಲವು ರೈಲುಗಳು ವಿಶಾಖಪಟ್ಟಣದ ಒಳಗೆ ಹೋಗದೆ ದುವ್ವಾಡದಲ್ಲೇ ನಿಂತು ಮುಂದೆ ಸಾಗುತ್ತವೆ. ಪರವಾಡಕ್ಕೆ ದುವ್ವಾಡವೇ ಹತ್ತಿರ. ಅಲ್ಲಿಂದ ಕೂರ್ಮನ್ನಪಾಲೆಂ, ಲಂಕೆಲಪಾಲೆಂ ಮಾರ್ಗವಾಗಿ ಹತ್ತು ಹದಿನೈದು ಕಿಲೋಮೀಟರ್ ಹೋದರಾಯಿತು. ಹಗಲು ಹೊತ್ತಾದರೆ ಶೇರ್ ಆಟೋಗಳಿಗೆ ಬರವಿಲ್ಲ.

ಆದರೆ ರೈಲು ಅವಳನ್ನು ಇಳಿಸಿದ್ದು ನಸುಕಿನ ಮೂರೂವರೆಗೆ. ಮೊಬೈಲಿನ ಬ್ಯಾಟರಿ ರಾತ್ರಿಯೇ ಮುಗಿದಿತ್ತು. ಹಾಸ್ಟೆಲಿನ ವಿಳಾಸ ಇದ್ದುದು ಆ ಮೊಬೈಲಿನೊಳಗೆ. ಹೊರಗೆ ಬರುತ್ತಿದ್ದಂತೆ ಬೈಕಿನ ಪಕ್ಕ ನಿಂತಿದ್ದ ಒಬ್ಬಾತ ಹಿಂದಿಯಲ್ಲಿ, "ಪರವಾಡಕ್ಕಾ? ನಾನೂ ಅಲ್ಲಿಗೇ ಹೊರಟಿದ್ದೇನೆ, ಬನ್ನಿ" ಎಂದನಂತೆ. ಅವಳು, "ಬೇಡ, ನಮ್ಮವರು ಬರುತ್ತಾರೆ" ಎಂದು ಹೇಳಿ ತಿರುಗಿ ನಿಲ್ದಾಣದೊಳಗೆ ಬಂದಳು. ಅಲ್ಲಿ ಮುಂದಿನ ರೈಲಿಗಾಗಿ ಕಾಯುತ್ತಿದ್ದ ಶ್ರೀಕಾಕುಳಂ ಕಡೆಯ ಒಂದು ಸಂಸಾರದ ಪಕ್ಕ ಬ್ಯಾಗು ಇಟ್ಟುಕೊಂಡು ಕುಳಿತಳು. ಬೆಳಕು ಹರಿದ ಮೇಲೆ ಆ ತಾಯಿಯ ಫೋನಿನಿಂದಲೇ ನಮಗೆ ಕರೆ ಮಾಡಿದಳು.

"ಮಾವ, ನಾನು ದುವ್ವಾಡದಲ್ಲಿದ್ದೇನೆ. ಏನೂ ಆಗಿಲ್ಲ, ನೀವು ಹೆದರ್ಬೇಡಿ" ಎಂದಳು.

ಏನೂ ಆಗಿರಲಿಲ್ಲ, ನಿಜ. ಬೈಕಿನವನು ಒಳ್ಳೆಯವನೇ ಇದ್ದಿರಬಹುದು. ಆದರೆ ಅದನ್ನು ಪರೀಕ್ಷಿಸಿ ನೋಡುವ ಹೊತ್ತು ಅದಾಗಿರಲಿಲ್ಲ. "ನಮ್ಮವರು ಬರುತ್ತಾರೆ" ಎಂದು ಅವಳು ಹೇಳಿದ್ದು ಸುಳ್ಳು. ಆ ಹೊತ್ತಿಗೆ ಅವಳ ತಾಯಿ ಊರಿನಲ್ಲಿ ಮಲಗಿದ್ದಳು, ನಾವು ಮುಂಬಯಿಯಲ್ಲಿ ಮಲಗಿದ್ದೆವು. ಸೀಟು ಸಿಕ್ಕಿತಾ, ಊಟ ಕಟ್ಟಿಕೊಂಡೆಯಾ ಎಂದು ಹತ್ತು ಸಲ ಕೇಳಿದ್ದ ನಾವು ರೈಲು ಎಷ್ಟು ಹೊತ್ತಿಗೆ ಮುಟ್ಟುತ್ತದೆ, ಅಲ್ಲಿಂದ ಮುಂದೆ ಹೇಗೆ ಹೋಗುತ್ತೀ ಎಂದು ಕೇಳಿರಲಿಲ್ಲ. ಆ ದಿನದಿಂದ ನನಗೆ ಹನ್ನೆರಡು ವರ್ಷದ ಹಿಂದಿನ ಇನ್ನೊಂದು ನಸುಕು ಮತ್ತೆ ಮತ್ತೆ ನೆನಪಾಗುತ್ತಿದೆ.

ಮುಂಬಯಿ ಮರೆಯಬಾರದ ಪ್ರಕರಣ

2014ರ ಜನವರಿ 4ರಂದು ಒಬ್ಬ ಯುವತಿ ವಿಜಯವಾಡದಲ್ಲಿ ಮುಂಬಯಿಯ ರೈಲು ಹತ್ತಿದಳು. ಇಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದ ಆಕೆ ಕ್ರಿಸ್‌ಮಸ್ ಹಬ್ಬಕ್ಕೆ ಊರಿಗೆ ಹೋಗಿ ಮರಳುತ್ತಿದ್ದಳು. ಮಾರನೆಯ ದಿನ ಬೆಳಗಿನ ಜಾವ ಐದು ಗಂಟೆಯ ಸುಮಾರಿಗೆ ರೈಲು ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ ತಲುಪಿತು. ಆಕೆ ಹೋಗಬೇಕಾಗಿದ್ದುದು ಅಂಧೇರಿಗೆ. ಆದರೆ ಅಂಧೇರಿ ತಲುಪಲಿಲ್ಲ. ಹನ್ನೊಂದು ದಿನಗಳ ಬಳಿಕ, ಜನವರಿ 16ರಂದು, ಕಾಂಜೂರ್‌ಮಾರ್ಗ್-ಭಾಂಡುಪ್ ಬಳಿ ಈಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿಯ ಪಕ್ಕದಲ್ಲಿ ಆಕೆಯ ಶವ ಸಿಕ್ಕಿತು.

ನಿಲ್ದಾಣದಲ್ಲಿ ಟ್ಯಾಕ್ಸಿ ಎಂದು ನಂಬಿಸಿ, ಹೊರಗೆ ಬಂದ ಮೇಲೆ ಬೈಕಿನಲ್ಲಿ ಕೂರಿಸಿಕೊಂಡು ಹೋಗಲಾಯಿತು ಎಂಬುದು ಪೊಲೀಸರ ವಾದವಾಗಿತ್ತು. ಬಂಧಿತನಾದ ವ್ಯಕ್ತಿಗೆ ಸೆಷನ್ಸ್ ನ್ಯಾಯಾಲಯ 2015ರಲ್ಲಿ ಮರಣದಂಡನೆ ವಿಧಿಸಿತು. ಬಾಂಬೆ ಹೈಕೋರ್ಟು 2018ರಲ್ಲಿ ಅದನ್ನು ಎತ್ತಿಹಿಡಿಯಿತು. ಆದರೆ 2025ರ ಜನವರಿ 28ರಂದು ಸುಪ್ರೀಂ ಕೋರ್ಟು ಆತನನ್ನು ದೋಷಮುಕ್ತಗೊಳಿಸಿತು. ಸಿಸಿಟಿವಿ ದೃಶ್ಯಗಳಿಗೆ ಕಾನೂನು ಕೇಳುವ ಪ್ರಮಾಣಪತ್ರ ಇರಲಿಲ್ಲ, ಸಾಂದರ್ಭಿಕ ಸಾಕ್ಷ್ಯಗಳ ಕೊಂಡಿಗಳು ಒಂದಕ್ಕೊಂದು ಕೂಡಲಿಲ್ಲ ಎಂದಿತು ನ್ಯಾಯಾಲಯ. ಅಂದರೆ ಹನ್ನೊಂದು ವರ್ಷಗಳ ಬಳಿಕವೂ ಆ ಮಗಳನ್ನು ಕೊಂದವರು ಯಾರೆಂದು ಆಕೆಯ ಮನೆಯವರಿಗೆ ಕಾನೂನು ಹೇಳಲಿಲ್ಲ.

ಇದರಲ್ಲಿ ನಾವು ಗಮನಿಸಬೇಕಾದ ಒಂದು ಅಂಶವಿದೆ. ಸಾವಿರ ಕಿಲೋಮೀಟರಿಗೂ ಹೆಚ್ಚಿನ ರೈಲು ಪ್ರಯಾಣವನ್ನು ಆಕೆ ಸುರಕ್ಷಿತವಾಗಿ ಮುಗಿಸಿದ್ದಳು. ಅಪಾಯ ಎದುರಾದದ್ದು ನಿಲ್ದಾಣದಿಂದ ಕೋಣೆಗೆ ಹೋಗುವ ಕೊನೆಯ ಕೆಲವೇ ಕಿಲೋಮೀಟರುಗಳಲ್ಲಿ. ರೈಲಿನಲ್ಲಿ ಎಪ್ಪತ್ತು ಮಂದಿ ಜೊತೆಗಿರುತ್ತಾರೆ, ಟಿಕೆಟ್ ಪರೀಕ್ಷಕರಿರುತ್ತಾರೆ. ಕೋಣೆ ತಲುಪಿದರೆ ಗೆಳತಿಯರಿರುತ್ತಾರೆ. ಇವೆರಡರ ನಡುವಿನ ಹೊತ್ತಿನಲ್ಲಿ ಯಾರೂ ಇರುವುದಿಲ್ಲ. ನಾವು ಕಾವಲು ಹಾಕಬೇಕಾದದ್ದು ಆ ಹೊತ್ತಿಗೆ.

ಟಿಕೆಟ್ ತೆಗೆಯುವಾಗಲೇ ಸುರಕ್ಷತೆ

ಟಿಕೆಟ್ ಕಾದಿರಿಸುವಾಗ ಹೊರಡುವ ಹೊತ್ತು ನೋಡುವುದು ನಮ್ಮ ಅಭ್ಯಾಸ. ಒಂಟಿಯಾಗಿ ಹೋಗುವವರು ಮುಟ್ಟುವ ಹೊತ್ತನ್ನು ಮೊದಲು ನೋಡಬೇಕು. ಇಳಿಯುವಾಗ ಬೆಳಕಿರುವ ರೈಲು ಸಿಗುವಂತಿದ್ದರೆ ಇನ್ನೂರು ರೂಪಾಯಿ ಹೆಚ್ಚಾದರೂ ಅದನ್ನೇ ಹಿಡಿಯುವುದು ಲೇಸು. ಹಾಗೆಯೇ ರೈಲು ನಾವಂದುಕೊಂಡ ನಿಲ್ದಾಣಕ್ಕೇ ಹೋಗುತ್ತದೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಬೇಕು. ವಿಶಾಖಪಟ್ಟಣ-ದುವ್ವಾಡದ ಗೊಂದಲ ಬೆಂಗಳೂರಿನಲ್ಲೂ ಇದೆ, ಮುಂಬಯಿಯಲ್ಲೂ ಇದೆ. ಎದುರುಗೊಳ್ಳಲು ಬಂದವರು ಒಂದು ನಿಲ್ದಾಣದಲ್ಲಿ, ಬಂದವರು ಇನ್ನೊಂದರಲ್ಲಿ ಎಂದಾಗಬಾರದು.

ರೈಲ್ವೆಯಲ್ಲಿ ನಮಗೆ ಸಿಗುವ ಕೆಲವು ಸೌಲಭ್ಯಗಳನ್ನು ನಮ್ಮವರು ಬಳಸುವುದೇ ಕಡಿಮೆ. ದೂರ ಪ್ರಯಾಣದ ಮೇಲ್ ಮತ್ತು ಎಕ್ಸ್‌ಪ್ರೆಸ್ ರೈಲುಗಳ ಸ್ಲೀಪರ್ ದರ್ಜೆಯಲ್ಲಿ ಆರು ಬರ್ತುಗಳು ಮಹಿಳೆಯರಿಗೆ ಮೀಸಲು. ವಯಸ್ಸು ಎಷ್ಟೇ ಇರಲಿ, ಒಂಟಿಯಾಗಿ ಅಥವಾ ಮಹಿಳೆಯರೇ ಸೇರಿ ಹೋಗುವುದಾದರೆ ಈ ಕೋಟಾದಲ್ಲಿ ಟಿಕೆಟ್ ಕೇಳಬಹುದು. ಹಿರಿಯ ನಾಗರಿಕರಿಗೂ 45 ವರ್ಷ ದಾಟಿದ ಮಹಿಳೆಯರಿಗೂ ಕೆಳಗಿನ ಬರ್ತಿನ ಕೋಟಾ ಬೇರೆಯೇ ಇದೆ.

ಇನ್ನೊಂದು ಮಾತು. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ ಕಂಡಕಂಡಲ್ಲಿ ಇಳಿಸಿಬಿಡುತ್ತಾರೆಂದು ಹೆದರಿ, ಪುಸಲಾಯಿಸುವ ಅಪರಿಚಿತರ ಮಾತು ನಂಬುವ ಹೆಣ್ಣುಮಕ್ಕಳಿದ್ದಾರೆ. 1989ರ ರೈಲ್ವೆ ಕಾಯ್ದೆಯ 139ನೇ ಕಲಮು ಇದಕ್ಕೆ ತಡೆ ಹಾಕಿದೆ. ಗಂಡಸಿನ ಜೊತೆಯಿಲ್ಲದೆ ಪ್ರಯಾಣಿಸುವ ಮಹಿಳೆಯನ್ನು ಅಥವಾ ಮಗುವನ್ನು ಪ್ರಯಾಣ ಆರಂಭಿಸಿದ ನಿಲ್ದಾಣ, ಜಂಕ್ಷನ್, ಕೊನೆಯ ನಿಲ್ದಾಣ ಅಥವಾ ಜಿಲ್ಲಾ ಕೇಂದ್ರದ ನಿಲ್ದಾಣ ಇವುಗಳಲ್ಲಿ, ಅದೂ ಹಗಲು ಹೊತ್ತಿನಲ್ಲಿ ಮಾತ್ರ ಇಳಿಸಬಹುದು. ಟಿಕೆಟ್ ಇಲ್ಲದೆ ಹೋಗಿ ಎಂದು ಇದರ ಅರ್ಥವಲ್ಲ. ಟಿಕೆಟ್ ಕಳೆದುಹೋದರೂ ಧೈರ್ಯ ಕಳೆದುಕೊಳ್ಳಬೇಡಿ ಎಂದಷ್ಟೇ.

ಕಾಕತಾಳೀಯವೋ ಏನೋ, ರೈಲ್ವೆಯ ಸಹಾಯವಾಣಿಯ ಸಂಖ್ಯೆಯೂ 139. ಹಿಂದೆ ಭದ್ರತೆಗೆ ಬೇರೆಯಾಗಿದ್ದ 182 ಸಂಖ್ಯೆಯನ್ನು 2021ರಲ್ಲಿ ಇದರಲ್ಲೇ ವಿಲೀನಗೊಳಿಸಲಾಯಿತು. ಹಳೆಯ ಸಂಖ್ಯೆಯನ್ನು ಬರೆದಿಟ್ಟುಕೊಂಡವರು ತಿದ್ದಿಕೊಳ್ಳಬೇಕು. ಒಂಟಿಯಾಗಿ ಹೋಗುವ ಮಹಿಳೆಯರಿಗಾಗಿ ರೈಲ್ವೆ ರಕ್ಷಣಾ ದಳ 2020ರ ಅಕ್ಟೋಬರಿನಲ್ಲಿ 'ಮೇರಿ ಸಹೇಲಿ' ಯೋಜನೆಯನ್ನು ಎಲ್ಲ ವಲಯಗಳಿಗೂ ವಿಸ್ತರಿಸಿತು. ಮಹಿಳಾ ಸಿಬ್ಬಂದಿ ಬಂದು ಮಾತಾಡಿಸಿ, ಸೀಟಿನ ಸಂಖ್ಯೆಯನ್ನು ಮುಂದಿನ ನಿಲ್ದಾಣಗಳಿಗೆ ತಿಳಿಸುವ ಏರ್ಪಾಡಿದು. ಅವರು ಬಂದಾಗ ಸಂಕೋಚಪಡದೆ ಮಾಹಿತಿ ಕೊಡಿ. ಎದುರು ಸೀಟಿನ ಅಪರಿಚಿತರು ಎಲ್ಲಿ ಇಳಿಯುತ್ತೀ, ಯಾರು ಬರುತ್ತಾರೆ ಎಂದು ಕೇಳಿದರೆ ಮಾತ್ರ ಪೂರ್ತಿ ವಿವರ ಕೊಡಬೇಕಾಗಿಲ್ಲ.

ಈ ಎಚ್ಚರ ಹೆಣ್ಣುಮಕ್ಕಳಿಗೆ ಮಾತ್ರವೆಂದು ತಿಳಿಯಬಾರದು. ಬಿಸ್ಕತ್ತಿನಲ್ಲೋ ಚಹಾದಲ್ಲೋ ಮತ್ತು ಬರಿಸುವ ಔಷಧಿ ಬೆರೆಸಿ ಕೊಟ್ಟು ದೋಚುವವರಿಗೆ ಸಿಕ್ಕಿಬೀಳುವವರಲ್ಲಿ ಗಂಡಸರು, ಅದರಲ್ಲೂ ವಯಸ್ಸಾದವರು, ಸಾಕಷ್ಟು ಮಂದಿ ಇದ್ದಾರೆ. ಊರಿನ ಜಾತ್ರೆಗೆಂದು ಬೀಗ ಹಾಕಿ ಹೊರಡುವ ಎಪ್ಪತ್ತರ ಹಿರಿಯರಿಗೂ "ಮುಟ್ಟಿದಿರಾ?" ಎಂದು ಕೇಳುವವರು ಬೇಕು.

ಇಳಿದ ಮೇಲೆ

ಕತ್ತಲಲ್ಲಿ ಇಳಿದರೆ ನಿಲ್ದಾಣ ಬಿಟ್ಟು ಹೊರಗೆ ಬರುವ ಅವಸರ ಬೇಡ. ವಿಜಯವಾಡದಂತಹ ದೊಡ್ಡ ಜಂಕ್ಷನ್‌ಗಳಲ್ಲಿ ಟಿಕೆಟ್ ಇದ್ದವರು ವೇಟಿಂಗ್ ರೂಮಿನಲ್ಲಿ ಕುಳಿತು ಬೆಳಕು ಹರಿದ ಮೇಲೆ ಹೊರಡಬಹುದು. ಸಣ್ಣ ನಿಲ್ದಾಣವಾದರೆ ಸಂಸಾರವಂದಿಗರು ಇರುವಲ್ಲಿ, ದೀಪವಿರುವಲ್ಲಿ, ಟಿಕೆಟ್ ಕೌಂಟರಿನ ಎದುರು ಕುಳಿತುಕೊಳ್ಳಬಹುದು. ಎರಡು ಗಂಟೆ ನಿದ್ದೆ ಕೆಟ್ಟರೆ ನಷ್ಟವೇನಿಲ್ಲ.

ಪ್ಲಾಟ್‌ಫಾರಂ ಒಳಗೇ ಬಂದು ಟ್ಯಾಕ್ಸಿ ಬೇಕಾ ಎಂದು ಕೇಳುವವರ ಜೊತೆ ಹೋಗಬಾರದು. ಪ್ರಿಪೇಯ್ಡ್ ಕೌಂಟರ್ ಇದ್ದರೆ ಅಲ್ಲಿ ಚೀಟಿ ಮಾಡಿಸಿ. ಆ್ಯಪ್ ಮೂಲಕ ಕರೆಸಿದ ಗಾಡಿಯಾದರೆ ನಂಬರ್ ಪ್ಲೇಟ್ ಹೊಂದಿಕೆಯಾದ ಮೇಲಷ್ಟೇ ಓಟಿಪಿ ಕೊಡಿ. ಟ್ಯಾಕ್ಸಿ ಎಂದು ಕರೆದವನು ಹೊರಗೆ ಬಂದ ಮೇಲೆ ಬೈಕು ತೋರಿಸಿದರೆ, ಅಥವಾ ಗಾಡಿಯಲ್ಲಿ ಮೊದಲೇ ಇನ್ನೊಬ್ಬ ಕುಳಿತಿದ್ದರೆ, ದಾಕ್ಷಿಣ್ಯ ಬಿಟ್ಟು ಹಿಂದಕ್ಕೆ ಬನ್ನಿ. ಮರ್ಯಾದೆ ಎಂಬ ಹೆಸರಿನಲ್ಲಿ ನಾವು ಮಕ್ಕಳಿಗೆ ಕಲಿಸಿದ ದಾಕ್ಷಿಣ್ಯವೇ ಇಂತಹ ಹೊತ್ತಿನಲ್ಲಿ ಮುಳುವಾಗುತ್ತದೆ. ಗಾಡಿ ಹತ್ತುವ ಮೊದಲು ಅದರ ನಂಬರನ್ನು ಮನೆಯವರಿಗೆ ಫೋನಿನಲ್ಲಿ, ಚಾಲಕನಿಗೂ ಕೇಳುವಂತೆ, ಓದಿ ಹೇಳಿ. ವಾಟ್ಸ್‌ಆ್ಯಪ್‌ನಲ್ಲಿ ಲೈವ್ ಲೊಕೇಶನ್ ಕಳಿಸಿದರೆ ಎಂಟು ಗಂಟೆಯವರೆಗೂ ನೀವಿರುವ ಜಾಗ ಮನೆಯವರಿಗೆ ಕಾಣುತ್ತದೆ.

ಮೊಬೈಲನ್ನೇ ನಂಬಿ ಕೂರುವಂತೆಯೂ ಇಲ್ಲ. ದುವ್ವಾಡದಲ್ಲಿ ನಮ್ಮ ಹುಡುಗಿಗೆ ಆದದ್ದು ಅದೇ. ಎರಡು ಫೋನ್ ನಂಬರುಗಳು ಬಾಯಿಪಾಠ ಇರಲಿ. ಹೋಗುವ ಜಾಗದ ವಿಳಾಸ ಕಾಗದದ ಚೀಟಿಯಲ್ಲಿರಲಿ.

ಬಸ್ಸಿನವರಿಗೂ ಇದು ಅನ್ವಯ

ಆಂಧ್ರದ ಕಡೆಗೆ ರಾತ್ರಿ ಬಸ್ಸುಗಳಲ್ಲಿ ಹೋಗುವ ಕನ್ನಡಿಗರು ಬಹಳ. 2013ರ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಬಸ್ಸು ಮಹಬೂಬ್‌ನಗರ ಜಿಲ್ಲೆಯ ಪಾಲೆಂ ಬಳಿ ಬೆಂಕಿಗೆ ಆಹುತಿಯಾಗಿ 45 ಮಂದಿ ಸತ್ತರು. 2025ರ ಅಕ್ಟೋಬರ್ 24ರಂದು ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಬಸ್ಸು ಕರ್ನೂಲು ಬಳಿ ಹೊತ್ತಿ ಉರಿದು 19 ಪ್ರಯಾಣಿಕರು ತೀರಿಕೊಂಡರು. ಎರಡೂ ಕಡೆ ಸತ್ತವರ ಗುರುತು ಹಿಡಿಯಲು ಡಿಎನ್‌ಎ ಪರೀಕ್ಷೆ ಮಾಡಿಸಬೇಕಾಯಿತು. ಬಸ್ಸು ಹತ್ತಿದೊಡನೆ ತುರ್ತು ಬಾಗಿಲು ಎಲ್ಲಿದೆ, ಗಾಜು ಒಡೆಯುವ ಸುತ್ತಿಗೆ ಎಲ್ಲಿದೆ ಎಂದು ನೋಡಿಕೊಳ್ಳಿ. ಜೊತೆಗೆ ಬಸ್ಸಿನ ನಂಬರು ಮತ್ತು ಸೀಟಿನ ನಂಬರನ್ನು ಮನೆಗೆ ತಿಳಿಸಿ. ನಾವು ಯಾವ ಬಸ್ಸಿನಲ್ಲಿದ್ದೇವೆ ಎಂಬುದು ನಮ್ಮವರಲ್ಲಿ ಒಬ್ಬರಿಗಾದರೂ ಗೊತ್ತಿರಬೇಕು.

ನಾಲ್ಕು ತೆಲುಗು ಮಾತು

ತೆಲುಗು ಲಿಪಿ ನಮ್ಮ ಲಿಪಿಯ ಒಡಹುಟ್ಟು. ಸ್ವಲ್ಪ ಗಮನವಿಟ್ಟರೆ ಅಲ್ಲಿನ ಬೋರ್ಡುಗಳನ್ನು ಕನ್ನಡಿಗರು ಓದಬಲ್ಲರು. ಮಾತು ಮಾತ್ರ ಕೆಲವೊಮ್ಮೆ ಎಡವಿಸುತ್ತದೆ. ಅವರು 'ಕುಡಿ ವೈಪು' ಎಂದರೆ ಬಲಗಡೆ ಎಂದರ್ಥ, ಕುಡಿಯುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಒಂಟಿಯಾಗಿ ಹೋಗುವವರು ಕಲಿತಿರಬೇಕಾದ ಮಾತುಗಳಿವು. ಸಹಾಯ ಬೇಕಾದರೆ 'ನಾಕು ಸಾಯಂ ಕಾವಾಲಿ'. ಗಾಡಿ ನಿಲ್ಲಿಸಲು 'ಇಕ್ಕಡ ಆಪಂಡಿ'. ಯಾರಾದರೂ ಹಿಂದೆ ಬಿದ್ದು, ಇವಳು ನಮ್ಮವಳೇ ಎಂದು ಜನರನ್ನು ನಂಬಿಸಲು ನೋಡಿದರೆ 'ಇತನು ಎವರೋ ನಾಕು ತೆಲಿಯದು' ಎಂದು ಗಟ್ಟಿಯಾಗಿ ಹೇಳಬೇಕು. ಇವನು ಯಾರೋ ನನಗೆ ಗೊತ್ತಿಲ್ಲ ಎಂದು ಅದರ ಅರ್ಥ. 'ಪೋಲೀಸುಲನು ಪಿಲವಂಡಿ' ಎಂದರೆ ಪೊಲೀಸರನ್ನು ಕರೆಯಿರಿ ಎಂದು.

ಎಲ್ಲ ರಾಜ್ಯಗಳಲ್ಲೂ ತುರ್ತು ಕರೆಗೆ 112, ಮಹಿಳಾ ಸಹಾಯವಾಣಿಗೆ 181. ಆಂಧ್ರದಲ್ಲಿ 2020ರಲ್ಲಿ ಬಂದಿದ್ದ 'ದಿಶಾ' ಆ್ಯಪ್‌ನ ಜಾಗದಲ್ಲಿ 2025ರ ಮಾರ್ಚ್ 8ರಂದು 'ಶಕ್ತಿ' ಎಂಬ ಆ್ಯಪ್ ಬಿಡುಗಡೆಯಾಗಿದೆ. ಅಲ್ಲಿ ಕೆಲಸಕ್ಕಿರುವ ನಮ್ಮ ಮಕ್ಕಳು ಇದನ್ನು ಹಾಕಿಕೊಂಡಿರುವುದು ಒಳ್ಳೆಯದು.

ಬರಬೇಕಾದವರು ಬಾರದಿದ್ದರೆ

ಮುಟ್ಟಬೇಕಾದ ಹೊತ್ತಿಗೆ ಮುಟ್ಟಲಿಲ್ಲ, ಫೋನೂ ಇಲ್ಲ ಎಂದಾದರೆ ನಾಳೆಯವರೆಗೆ ನೋಡೋಣ ಎಂದು ಕಾಯಬಾರದು. ಕಾಣೆಯಾದ ದೂರಿಗೆ 24 ಗಂಟೆ ಕಾಯಬೇಕು ಎಂಬುದು ತಪ್ಪು ತಿಳಿವಳಿಕೆ. ಹದ್ದು ಯಾರದು ಎಂಬ ಪ್ರಶ್ನೆಯೂ ಅಡ್ಡ ಬರಬಾರದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ, ಪೊಲೀಸರು ನೇರವಾಗಿ ಕ್ರಮ ಕೈಗೊಳ್ಳಬಹುದಾದ ಅಪರಾಧ ಎಲ್ಲಿ ನಡೆದಿದ್ದರೂ ಯಾವುದೇ ಠಾಣೆಯಲ್ಲಿ ದೂರು ಕೊಡಬಹುದು. ಇದನ್ನೇ ಜೀರೋ ಎಫ್‌ಐಆರ್ ಎನ್ನುವುದು. ಆ ಠಾಣೆಯವರು ಅದನ್ನು ಸಂಬಂಧಪಟ್ಟ ಠಾಣೆಗೆ ಕಳಿಸುತ್ತಾರೆ. ದೂರು ಕೊಡುವಾಗ ರೈಲಿನ ನಂಬರು, ಬೋಗಿ, ಸೀಟು, ಉಟ್ಟ ಬಟ್ಟೆಯ ಬಣ್ಣ, ಕೊನೆಯ ಕರೆ ಬಂದ ಹೊತ್ತು ಇಷ್ಟು ಹೇಳಲು ಬಂದರೆ ಹುಡುಕಾಟ ಅಲ್ಲಿಂದಲೇ ಶುರುವಾಗುತ್ತದೆ. ಇವು ನಮಗೆ ಗೊತ್ತಿರಬೇಕಾದರೆ ಹೊರಡುವ ದಿನವೇ ಕೇಳಿ ಇಟ್ಟುಕೊಂಡಿರಬೇಕು.

ಸಂಘಗಳು ಮಾಡಬಹುದಾದ ಕೆಲಸ

ನಮ್ಮ ಹಿರಿಯರಿಗೆ ಒಂಟಿ ಪ್ರಯಾಣ ಹೊಸದಾಗಿರಲಿಲ್ಲ. ಹನ್ನೆರಡು ಹದಿಮೂರು ವರ್ಷದ ಹುಡುಗರು ಊರಿನಿಂದ ಮುಂಬಯಿಗೆ ಒಬ್ಬರೇ ಬಂದಿಳಿದ ಕಥೆಗಳನ್ನು ನಾವೆಲ್ಲ ಕೇಳಿದ್ದೇವೆ. ಆ ಹುಡುಗನ ಕಿಸೆಯಲ್ಲಿ ಒಂದು ಚೀಟಿ ಇರುತ್ತಿತ್ತು. ಚೀಟಿಯಲ್ಲಿ ಇಂಥ ಗಲ್ಲಿಯ ಇಂಥ ಹೋಟೆಲು ಎಂಬ ವಿಳಾಸ. ಆ ಹೋಟೆಲಿನಲ್ಲಿ "ನಾಡಿದ್ದು ಒಬ್ಬ ಹುಡುಗ ಬರುತ್ತಾನೆ" ಎಂದು ತಿಳಿದಿರುವ ಊರವರೊಬ್ಬರು ಇರುತ್ತಿದ್ದರು. ನಮ್ಮ ಅನೇಕ ಸಂಘ-ಸಂಸ್ಥೆಗಳ ಹುಟ್ಟಿನ ಹಿಂದೆ ಇರುವುದು ಇಂಥ ಆಸರೆಯೇ. ಸಭಾಭವನ, ವಾರ್ಷಿಕೋತ್ಸವ, ಸನ್ಮಾನಗಳೆಲ್ಲ ಆಮೇಲೆ ಬಂದವು.

ಅದೇ ಕೆಲಸವನ್ನು ಇಂದಿನ ಸಂಘಗಳು ಇಂದಿನ ರೀತಿಯಲ್ಲಿ ಮಾಡಬಹುದು. ಪ್ರತಿಯೊಂದು ಸಂಘದ ಮಹಿಳಾ ವಿಭಾಗ ಮತ್ತು ಯುವ ವಿಭಾಗದಿಂದ ಇಬ್ಬಿಬ್ಬರು, ಸಂಸಾರಸ್ಥರು, ಎಲ್ಲರಿಗೂ ಪರಿಚಿತರು, ಈ ಹೊಣೆ ಹೊರಲಿ. ಹೊಸಬರು ಊರಿಗೆ ಬಂದಿಳಿಯುವಾಗ, ಅಪರಾತ್ರಿಯಾದರೆ, ನಿಲ್ದಾಣಕ್ಕೆ ಹೋಗಲಿ. ಹೋಗಲು ಆಗದಿದ್ದರೆ ಫೋನಿನಲ್ಲಾದರೂ ಜೊತೆಗಿರಲಿ. ಮುಂಬಯಿ, ಪುಣೆ, ಹೈದರಾಬಾದು, ವಿಜಯವಾಡ, ವಿಶಾಖಪಟ್ಟಣದ ಕನ್ನಡಿಗರು ಇಂಥವರ ಹೆಸರನ್ನು ಪರಸ್ಪರ ತಿಳಿಸಿಕೊಂಡರೆ, ಪರವಾಡಕ್ಕೆ ಹೋಗುವ ಹುಡುಗಿ ಸುಳ್ಳು ಹೇಳಬೇಕಾಗಿಲ್ಲ. "ನಮ್ಮವರು ಬರುತ್ತಾರೆ" ಎಂಬುದು ನಿಜವೇ ಆಗಿರುತ್ತದೆ.

ಒಂದು ಎಚ್ಚರಿಕೆ ಅಗತ್ಯ. ನಮ್ಮ ಹುಡುಗಿ ಇಂಥ ರೈಲಿನಲ್ಲಿ, ಇಂಥ ಸೀಟಿನಲ್ಲಿ ಒಬ್ಬಳೇ ಬರುತ್ತಿದ್ದಾಳೆ ಎಂದು ಮುನ್ನೂರು ಮಂದಿ ಇರುವ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕುವುದು ಸಹಾಯವಲ್ಲ, ಅಪಾಯ. ವಿಷಯ ಇಬ್ಬರು ಮೂವರಿಗೆ ಗೊತ್ತಿದ್ದರೆ ಸಾಕು.

ಇನ್ನೂ ಒಂದು ಮಾತಿದೆ. ಇಂಥ ಸುದ್ದಿ ಓದಿದಾಗಲೆಲ್ಲ ಹೆಣ್ಣುಮಕ್ಕಳನ್ನು ದೂರ ಕಳಿಸುವುದೇ ಬೇಡ ಎನ್ನುವವರಿದ್ದಾರೆ. ಅದು ಪರಿಹಾರವಲ್ಲ. ಮಗನಿಗೆ ಸಿಕ್ಕ ಅವಕಾಶ ಮಗಳಿಗೂ ಸಿಗಬೇಕು. ಪ್ರಯಾಣ ನಿಲ್ಲಿಸಿದರೆ ನಿಲ್ದಾಣದ ಹೊರಗಿನ ಕತ್ತಲೆಯೇನೂ ಕಡಿಮೆಯಾಗುವುದಿಲ್ಲ. ಹೋಗುವವರಿಗೆ ಧೈರ್ಯ ಬೇಕು, ಕಳಿಸುವವರಿಗೆ ಎಚ್ಚರ ಬೇಕು.

ನಮ್ಮ ಹುಡುಗಿ ಈಗ ಪರವಾಡದಲ್ಲಿ ಹೊಂದಿಕೊಂಡಿದ್ದಾಳೆ. ಮೊನ್ನೆ ರಜೆ ಮುಗಿಸಿ ಹೊರಟಾಗ ಬೆಳಗ್ಗೆ ಮುಟ್ಟುವ ರೈಲನ್ನೇ ಹಿಡಿದಳು. ಆದರೆ ರೈಲು ಎರಡು ಗಂಟೆ ತಡ. ನಾನು ಗಡಿಯಾರ ನೋಡುತ್ತಲೇ ಕುಳಿತಿದ್ದೆ. ಕೊನೆಗೆ ಸಂದೇಶ ಬಂತು: "ರೂಮಿಗೆ ಮುಟ್ಟಿದೆ ಮಾವ, ನೀವು ಚಾ ಕುಡಿಯಿರಿ."

ನಿಮ್ಮ ಮನೆಯಿಂದ ಇಂದು ರಾತ್ರಿ ಯಾರಾದರೂ ಒಬ್ಬರೇ ಹೊರಟಿದ್ದರೆ, ಮುಟ್ಟುವ ಹೊತ್ತು ಎಷ್ಟೆಂದು ಈಗಲೇ ಕೇಳಿ ಬರೆದಿಟ್ಟುಕೊಳ್ಳಿ. ಆ ಹೊತ್ತಿಗೆ ಒಬ್ಬರಾದರೂ ಎಚ್ಚರವಾಗಿರಿ.